ಸೊಸೆ ಕೌದಿ ಬೇಡವೆಂದಳು, ಕೊಡಲೋ, ಬಿಡಲೋ?

ಪ್ರಶ್ನೆ: ನಾನು ಕುಷ್ಟಗಿ ತಾಲ್ಲೂಕಿನ 62 ವರ್ಷದ ಗೃಹಿಣಿ. ಮೊಮ್ಮಕ್ಕಳ ತೊಟ್ಟಿಲ ಕಾರ್ಯಕ್ಕೆ ಅಜ್ಜಿಯೇ ಹಳೆಯ ಸೀರೆ, ಬಟ್ಟೆಗಳನ್ನು ಪದರವಾಗಿ ಸೇರಿಸಿ ಕೌದಿ ಹೊಲಿದು ಕೊಡುವುದು ನಮ್ಮ ಅತ್ತೆಯವರ ಕಾಲದಿಂದ ಬಂದ ಪದ್ಧತಿ. ಕಣ್ಣು ಮಂದವಾಗುತ್ತಿರುವುದರಿಂದ ಮುಂದೆ ಹುಟ್ಟಲಿರುವವರಿಗೂ ಈಗಲೇ ಹೊಲಿದು, ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿ ಇಟ್ಟಿದ್ದೇನೆ. ಬಳ್ಳಾರಿಯಲ್ಲಿರುವ ಕಿರಿಯ ಸೊಸೆ ಈಗ ಗರ್ಭಿಣಿ. ಕೂಸಿಗೆ ಕೌದಿ ಹೊದಿಸಬಾರದೆಂದು ವೈದ್ಯರು ಹೇಳಿದ್ದಾರೆ, ಬೇಡ ಎಂದು ಬೀಗರ ಎದುರೇ ಹೇಳಿಬಿಟ್ಟಳು. ನನ್ನ ಕೈಗೆಲಸಕ್ಕೆ ಬೆಲೆಯೇ ಇಲ್ಲವೇ?

ಉತ್ತರ: ಕೊಡಿ, ಆದರೆ ಕೂಸಿಗೆ ಹೊದಿಸಲೇಬೇಕೆಂಬ ಹಟವನ್ನು ಬಿಟ್ಟು ಕೊಡಿ.

ಸೊಸೆಯ ಮಾತು ಸರಿಯಾಗಿಯೇ ಇದೆ. ಒಂದು ವರ್ಷದೊಳಗಿನ ಮಗು ಮಲಗುವ ಜಾಗದಲ್ಲಿ ದಪ್ಪ ಹೊದಿಕೆ, ದಿಂಬು ಇರಬಾರದೆಂದು ಮಕ್ಕಳ ತಜ್ಞರು ಹೇಳುವುದು ಕೌದಿಯನ್ನು ಹಳಿಯಲಿಕ್ಕಲ್ಲ. ಬಟ್ಟೆ ಮುಖದ ಮೇಲೆ ಸರಿದರೆ ಅದನ್ನು ತಳ್ಳಿಕೊಳ್ಳುವ ಶಕ್ತಿ ಎಳೆಗೂಸಿಗೆ ಇರುವುದಿಲ್ಲ, ಮೈ ಅತಿಯಾಗಿ ಕಾಯುವುದೂ ಅಪಾಯಕರ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯಲ್ಲಿ ದೊಡ್ಡವರೇ ಕೌದಿ ಹೊದೆಯುವುದಿಲ್ಲವಲ್ಲ! ಆದರೆ ಮಗು ಎಚ್ಚರವಾಗಿದ್ದು, ಯಾರಾದರೂ ಪಕ್ಕದಲ್ಲಿ ಕುಳಿತಿರುವಾಗ, ಬೋರಲು ಬಿದ್ದು ಕತ್ತೆತ್ತಲು ನೆಲದ ಮೇಲೆ ಹಾಸಲಿಕ್ಕೆ ಕೌದಿಗಿಂತ ಒಳ್ಳೆಯದು ಸಿಗಲಾರದು. ಹತ್ತಾರು ವರ್ಷ ಒಗೆದು ಸವೆದ ಇಳಕಲ್ ಸೀರೆಯ ನೂಲಿನ ಒಡಲಿಗಿರುವ ಮೆದುವು ಹೊಸ ಬಟ್ಟೆಗೆ ಬರುವುದಿಲ್ಲ. ಬಿಚ್ಚಿದ ದಾರ, ಜರಿಯ ಎಳೆ, ಗುಂಡಿಗಳು ಉಳಿಯದಂತೆ ನೋಡಿಕೊಂಡರೆ ಸಾಕು.

ನಿಮ್ಮ ಪತ್ರದಲ್ಲಿ ನನ್ನನ್ನು ನಿಜವಾಗಿ ಗಾಬರಿಗೊಳಿಸಿದ್ದು ನುಸಿಗುಳಿಗೆ. ಅದರಲ್ಲಿ ನ್ಯಾಫ್ತಲೀನ್ ಇದ್ದರೆ, ಹುಟ್ಟಿನಿಂದಲೇ ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಅದು ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರಬಲ್ಲದು. ಯಾವ ಕೂಸಿಗೆ ಆ ಕೊರತೆ ಇದೆಯೆಂಬುದು ಪರೀಕ್ಷೆ ಮಾಡದೆ ತಿಳಿಯುವುದಿಲ್ಲ. ಗುಳಿಗೆಗಳನ್ನು ಇಂದೇ ತೆಗೆದುಹಾಕಿ, ಎಲ್ಲ ಕೌದಿಗಳನ್ನು ಒಗೆದು, ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಿಗೆ ಹಾಕಿ. ಮುಂದೆ ಒಣಗಿದ ಬೇವಿನ ಸೊಪ್ಪು ಹಾಕಿಡಿ. ಆಗಾಗ ಬಿಚ್ಚಿ ಮಡಿಕೆ ಬದಲಿಸದಿದ್ದರೆ ಬಟ್ಟೆ ಮಡಿಕೆಯಲ್ಲೇ ಸೀಳುತ್ತದೆ.

ಬೀಗರೆದುರು ಹೇಳಿದ್ದು ಒರಟಾಯಿತು, ಒಪ್ಪುತ್ತೇನೆ. ಆದರೆ ಹೊಲಿಯುವ ಮುನ್ನ ಅವಳನ್ನು ಕೇಳಿದ್ದಿರೇ? ನಿಮ್ಮ ಟ್ರಂಕಿನಲ್ಲಿರುವುದೆಲ್ಲ ಬಹುಶಃ ನಿಮ್ಮ ಮನೆತನದ ಸೀರೆ, ಧೋತರ, ಕುಪ್ಪಸಗಳೇ. ಹುಟ್ಟುವ ಕೂಸಿಗೆ ತಾಯಿಯ ತವರೂ ಒಂದಿದೆ. ಮಗನ ಕೈಲಿ ಹೇಳಿಕಳಿಸಬೇಡಿ, ಅವನು ಎರಡೂ ಕಡೆಯ ಮಾತನ್ನು ಕೆಡಿಸುತ್ತಾನೆ. ನೀವೇ ಫೋನ್ ಮಾಡಿ, "ನಿನ್ನ ತಾಯಿಯದೊಂದು ಹಳೆಯ ಸೀರೆ ಕೊಡಿಸು, ಅದನ್ನೂ ಸೇರಿಸುತ್ತೇನೆ, ಯಾವಾಗ ಬಳಸಬೇಕೆಂಬುದು ನಿನಗೆ ಬಿಟ್ಟದ್ದು" ಎಂದು ಹೇಳಿ. ಆಗಲೂ ಅವಳು ಬೇಡವೆಂದರೆ ಬೇಸರ ಪಡಬೇಡಿ. ಮಗುವಿಗೆ ಮೂರು ನಾಲ್ಕು ವರ್ಷವಾಗಿ ಚಳಿಗೆ ತಾನೇ ಹೊದಿಕೆ ಎಳೆದುಕೊಳ್ಳುವಾಗ ಕೊಟ್ಟರೂ ಅದು ಅಜ್ಜಿಯ ಕೌದಿಯೇ.

ಇನ್ನೂ ಹುಟ್ಟದವರಿಗಾಗಿ ಹೊಲಿದಿಡುವುದನ್ನು ಇಲ್ಲಿಗೆ ನಿಲ್ಲಿಸುವುದು ಲೇಸು. ಅದರ ಬದಲು ದೊಡ್ಡ ಮೊಮ್ಮಕ್ಕಳಲ್ಲಿ ಆಸಕ್ತಿಯಿರುವವರನ್ನು, ಹುಡುಗನಾದರೂ ಸರಿ, ರಜೆಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಪದರ ಹಾಸುವುದನ್ನೂ ಸಾಲು ತಪ್ಪದಂತೆ ದಾರ ಓಡಿಸುವುದನ್ನೂ ಕಲಿಸಿ. ಕಣ್ಣಿನಲ್ಲಿ ಪೊರೆ ಬಂದಿದೆಯೇ ಎಂದು ತೋರಿಸಿಕೊಳ್ಳಿ. 62ಕ್ಕೆ ಸೂಜಿ ಕೆಳಗಿಡುವ ಅಗತ್ಯ ನನಗೆ ಕಾಣುತ್ತಿಲ್ಲ.