ಸರ್ವೆ ಉತ್ತರಗಳನ್ನು ಶೀಟ್‌ನಲ್ಲಿ ಹೇಗೆ ಜೋಡಿಸಿಟ್ಟರೆ ಚಾರ್ಟ್ ಸರಿಯಾಗಿ ಬರುತ್ತದೆ?

150 ಜನ ಫಾರ್ಮ್ ತುಂಬಿದ್ದಾರೆ, ಎಕ್ಸೆಲ್‌ನಲ್ಲಿ 1ರಿಂದ 5ರವರೆಗಿನ ರೇಟಿಂಗ್ ಕಾಲಮ್ ಆರಿಸಿ ಚಾರ್ಟ್ ಒತ್ತಿದರೆ 150 ಕಂಬ ಎದ್ದು ನಿಲ್ಲುತ್ತವೆ, ಯಾಕೆ ಅಂತ ಕೇಳಿದ್ದೀರಿ. ನೀವು ಕೊಟ್ಟಿದ್ದು 150 ಅಂಕಿ, ಅದು ಬರೆದಿದ್ದೂ 150 ಕಂಬ. ಪಾಪ, ಅದರ ತಪ್ಪೇನೂ ಇಲ್ಲ. ನಿಮಗೆ ಬೇಕಾಗಿರೋದು ಎಷ್ಟು ಜನ 5 ಕೊಟ್ಟರು, ಎಷ್ಟು ಜನ 4 ಕೊಟ್ಟರು ಅನ್ನೋದು, ಅಲ್ವಾ? ಅಂದರೆ ಉತ್ತರಗಳಿಗೂ ಚಾರ್ಟ್‌ಗೂ ನಡುವೆ ಎಣಿಕೆಯ ಒಂದು ಚಿಕ್ಕ ಟೇಬಲ್ ಇರಬೇಕು. ಚಾರ್ಟ್ ಮಾಡಬೇಕಾದ್ದು ಆ ಟೇಬಲ್‌ನಿಂದ.

ನಾನು ಒಂದೇ ಫೈಲ್‌ನಲ್ಲಿ ಮೂರು ಶೀಟ್ ಇಡುತ್ತೇನೆ. ಮೊದಲನೆಯದರಲ್ಲಿ ಬಂದ ಉತ್ತರಗಳು ಬಂದ ಹಾಗೇ ಇರುತ್ತವೆ, ಅದನ್ನು ಮುಟ್ಟುವುದಿಲ್ಲ. ಎರಡನೆಯದು ಅದರ ಕಾಪಿ, ಸ್ವಚ್ಛ ಮಾಡೋದೆಲ್ಲ ಇಲ್ಲಿ. ಮೂರನೆಯದರಲ್ಲಿ ಎಣಿಕೆ ಮತ್ತು ಚಾರ್ಟ್. ಎರಡನೆಯ ಶೀಟ್‌ನಲ್ಲಿ ಒಬ್ಬರಿಗೆ ಒಂದು ಸಾಲು, ಒಂದು ಪ್ರಶ್ನೆಗೆ ಒಂದು ಕಾಲಮ್, ಮೇಲೆ ಒಂದೇ ಸಾಲಿನ ಹೆಡಿಂಗ್. ನೋಡೋಕೆ ಚೆನ್ನಾಗಿರುತ್ತೆ ಅಂತ ಸೆಲ್‌ಗಳನ್ನು ಮರ್ಜ್ ಮಾಡಬೇಡಿ, ನಡುವೆ ಖಾಲಿ ಸಾಲು ಬಿಡಬೇಡಿ. ಪ್ರತಿಯೊಬ್ಬರಿಗೂ ಒಂದು ಐಡಿ ಕೊಡಿ, ಅದೂ ಬರೀ ನಂಬರ್ ಬೇಡ, ಆರ್001 ಥರ ಇರಲಿ. ಕಾರಣ ಇದೆ: ಪಿವಟ್ ಟೇಬಲ್‌ನ (ಉತ್ತರಗಳನ್ನು ಗುಂಪು ಮಾಡಿ ಎಣಿಕೆ ಟೇಬಲ್ ಮಾಡಿಕೊಡುವ ಎಕ್ಸೆಲ್ ಸಾಧನ) ವ್ಯಾಲ್ಯೂಸ್ ಜಾಗಕ್ಕೆ ಬರೀ ನಂಬರ್ ಎಳೆದು ಹಾಕಿದರೆ ಅದು ಎಣಿಸುವ ಬದಲು ಸುಮ್ನೆ ಕೂಡಿಬಿಡುತ್ತದೆ. ಅಕ್ಷರ ಸೇರಿದ್ದರೆ ಎಕ್ಸೆಲ್ ತಾನಾಗಿಯೇ ಎಣಿಸುತ್ತದೆ.

ನಿಜವಾದ ತಲೆನೋವು 'ಅನ್ವಯಿಸುವ ಎಲ್ಲವನ್ನೂ ಟಿಕ್ ಮಾಡಿ' ಅನ್ನೋ ಪ್ರಶ್ನೆ. ಗೂಗಲ್ ಫಾರ್ಮ್ಸ್ ಅಂಥ ಉತ್ತರವನ್ನೆಲ್ಲ ಒಂದೇ ಸೆಲ್‌ಗೆ ತುರುಕುತ್ತದೆ: 'ಫೋನ್, ಲ್ಯಾಪ್‌ಟಾಪ್, ಹೆಡ್‌ಫೋನ್'. ಇದರಿಂದ ನೇರವಾಗಿ ಚಾರ್ಟ್ ಮಾಡಿದರೆ 'ಫೋನ್, ಲ್ಯಾಪ್‌ಟಾಪ್' ಒಂದು ಗುಂಪು, ಬರೀ 'ಫೋನ್' ಇನ್ನೊಂದು ಗುಂಪು, ಹೀಗೆ ಇಪ್ಪತ್ತು ಮೂವತ್ತು ತುಂಡು. ಕೌಂಟ್‌ಇಫ್‌ನಲ್ಲಿ (ಹೇಳಿದ ಷರತ್ತಿಗೆ ಹೊಂದುವ ಸೆಲ್‌ಗಳನ್ನು ಎಣಿಸುವ ಫಾರ್ಮುಲಾ) ನಕ್ಷತ್ರ ಚಿಹ್ನೆ ಹಾಕಿ *ಫೋನ್* ಅಂತ ಹುಡುಕಿದರಾಯ್ತು ಅಂತ ಕೆಲವರು ಹೇಳುತ್ತಾರೆ, ಆದರೆ ಅದು 'ಹೆಡ್‌ಫೋನ್' ಮಾತ್ರ ಟಿಕ್ ಮಾಡಿದವರನ್ನೂ ಫೋನ್ ಲೆಕ್ಕಕ್ಕೇ ಸೇರಿಸುತ್ತದೆ. ಅದರ ಬದಲು ಪ್ರತಿ ಆಯ್ಕೆಗೂ ಒಂದೊಂದು ಕಾಲಮ್ ಮಾಡಿ, ಟಿಕ್ ಮಾಡಿದ್ದರೆ 1, ಇಲ್ಲದಿದ್ದರೆ 0. ಆ ಪ್ರಶ್ನೆಯನ್ನೇ ಬಿಟ್ಟು ಹೋದವರಿಗೆ 0 ಹಾಕಬೇಡಿ, ಖಾಲಿ ಬಿಡಿ. ಹೀಗೆ ಮಾಡಿದರೆ ಒಂದು ಲಾಭವಿದೆ: ಕಾಲಮ್‌ನ ಸರಾಸರಿ ತೆಗೆದರೆ ಅದೇ ಶೇಕಡಾವಾರು, 0.6 ಬಂದರೆ ಶೇ. 60. ಖಾಲಿ ಸೆಲ್‌ಗಳನ್ನು ಸರಾಸರಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಉತ್ತರ ಕೊಟ್ಟವರ ಲೆಕ್ಕ ಮಾತ್ರ ಸಿಗುತ್ತದೆ.

ಇಂಥ ಪ್ರಶ್ನೆಗೆ ಪೈ ಚಾರ್ಟ್ ಬೇಡವೇ ಬೇಡ. 150 ಜನರಲ್ಲಿ 90 ಜನ ಫೋನ್, 75 ಜನ ಲ್ಯಾಪ್‌ಟಾಪ್, 60 ಜನ ಹೆಡ್‌ಫೋನ್ ಅಂದರೆ 60, 50, 40, ಒಟ್ಟು ಶೇ. 150. ಒಂದೇ ವೃತ್ತದಲ್ಲಿ ಇದು ಹಿಡಿಸುವುದಿಲ್ಲ. ಅಡ್ಡ ಪಟ್ಟಿಯ ಬಾರ್ ಚಾರ್ಟ್ ಸಾಕು.

ನಾನೇ ಒಂದ್ಸಲ ಮೋಸ ಹೋಗಿದ್ದು 'ದಿನಕ್ಕೆ ಎಷ್ಟು ಗಂಟೆ' ಪ್ರಶ್ನೆಯಲ್ಲಿ. '3-5' ಅಂತ ಇದ್ದ ಉತ್ತರಗಳನ್ನೆಲ್ಲ ಎಕ್ಸೆಲ್ ತಾರೀಖು ಮಾಡಿಬಿಟ್ಟಿತ್ತು, ನನಗೆ ಗೊತ್ತಾಗಿದ್ದು ಚಾರ್ಟ್‌ನಲ್ಲಿ ತಿಂಗಳ ಹೆಸರು ಕಂಡಾಗ. ನಗಬೇಡಿ, ಇದೇ ಕಾಟಕ್ಕೆ ವಿಜ್ಞಾನಿಗಳು ಕೆಲವು ಜೀನ್‌ಗಳ ಹೆಸರನ್ನೇ ಬದಲಾಯಿಸಿದರು, 2020ರಲ್ಲಿ ಅದು ದೊಡ್ಡ ಸುದ್ದಿಯಾಗಿತ್ತು. ಫಾರ್ಮ್‌ನಲ್ಲೇ '3ರಿಂದ 5 ಗಂಟೆ' ಅಂತ ಬರೆದರೆ ಈ ಗೋಳಿಲ್ಲ.

ಇನ್ನು 'ತೃಪ್ತಿ ಇದೆ', 'ಇಲ್ಲ' ಥರದ ಉತ್ತರಗಳು ಪಿವಟ್‌ನಲ್ಲಿ ಅಕ್ಷರ ಕ್ರಮದಲ್ಲಿ ನಿಲ್ಲುತ್ತವೆ, ಅರ್ಥದ ಕ್ರಮದಲ್ಲಲ್ಲ. ಪ್ರತಿ ಉತ್ತರದ ಮೊದಲಿಗೆ 1, 2, 3 ಸೇರಿಸಿ, ಸರಿಹೋಗುತ್ತದೆ. ಒಂದೇ ಅಳತೆಯ ಐದಾರು ಪ್ರಶ್ನೆ ಇದ್ದರೆ ಪ್ರಶ್ನೆಗಳು ಸಾಲಿಗೆ, 1ರಿಂದ 5 ಕಾಲಮ್‌ಗೆ ಬರುವಂತೆ ಎಣಿಕೆ ಟೇಬಲ್ ಮಾಡಿ, ಆಮೇಲೆ 100% ಸ್ಟ್ಯಾಕ್ಡ್ ಬಾರ್ (ಪ್ರತಿ ಪ್ರಶ್ನೆಗೂ ಒಂದೇ ಉದ್ದದ ಪಟ್ಟಿ, ಅದರೊಳಗೆ 1ರಿಂದ 5ರ ಪಾಲುಗಳು) ಆರಿಸಿ. ಆರು ಚಾರ್ಟ್ ಹೇಳೋದನ್ನು ಒಂದೇ ಹೇಳುತ್ತದೆ.

'ಇತರೆ' ಕಾಲಮ್ ಮಾತ್ರ ಕೂತು ಓದಬೇಕು. ಪಕ್ಕದಲ್ಲಿ ಒಂದು ಕಾಲಮ್ ಮಾಡಿ, ಪ್ರತಿ ಉತ್ತರ ಯಾವ ಗುಂಪಿಗೆ ಸೇರುತ್ತದೆ ಅಂತ ಬರೆದುಕೊಳ್ಳಿ. ಮೂಲ ವಾಕ್ಯ ಅಳಿಸಬೇಡಿ, ರಿಪೋರ್ಟ್ ಬರೆಯುವಾಗ ಒಂದೆರಡು ಬೇಕೇ ಬೇಕಾಗುತ್ತವೆ.