ಎಲ್ಲ ಕಡೆ ಸಿಗುವ ಬೆಳ್ಳಿ ರೂಪಾಯಿ ಕೂಡಿಡುವುದು ದಂಡವಾ?

ನಿಮ್ಮ ಪ್ರಶ್ನೆ ಇಷ್ಟು: ಬೆಂಗಳೂರಿನಲ್ಲಿದ್ದೀರಿ, ಹಳೇ ಬೆಳ್ಳಿ ನಾಣ್ಯ ಕೂಡಿಡುವ ಆಸೆ ಇದೆ, ಆದರೆ ನಿಮ್ಮ ಕೈಗೆಟಕುವ ನಾಣ್ಯಗಳೆಲ್ಲ ಬೇಕಾದಷ್ಟು ಸಿಗುವಂಥವು, ಅವಕ್ಕೆ ಬೆಲೆ ಇಲ್ಲ ಅಂತ ಯಾರೋ ಹೇಳಿದ್ದಾರೆ. ತಗೊಳ್ಳೋದು ದಂಡವಾ?

ದಂಡ ಅಲ್ಲ. ನನ್ನ ಹತ್ತಿರ ಅರವತ್ತು ಚಿಲ್ಲರೆ ನಾಣ್ಯ ಇವೆ, ಒಂದೂ ಅಪರೂಪದ್ದಲ್ಲ. ಮುಂದೆ ಮಾರಿ ಸೈಟು ತಗೊಳ್ಳುವ ಲೆಕ್ಕಾಚಾರ ಇದ್ದರೆ ಈ ಉತ್ತರ ಇಲ್ಲಿಗೇ ಬಿಟ್ಟುಬಿಡಿ.

ನನಗೆ ಈ ಹುಚ್ಚು ಹತ್ತಿದ್ದು ಅಜ್ಜಿಯ ದೇವರ ಪೆಟ್ಟಿಗೆಯಿಂದ. ವರಮಹಾಲಕ್ಷ್ಮಿ ಹಬ್ಬದಲ್ಲಿ ಕಳಶದ ಮುಂದೆ ತಟ್ಟೆಯಲ್ಲಿಡುತ್ತಿದ್ದ ಐದು ಬೆಳ್ಳಿ ರೂಪಾಯಿ. ಅಜ್ಜಿ ಐದಕ್ಕೂ ‘ರಾಣಿ ರೂಪಾಯಿ’ ಅಂತಿದ್ದರು. ನಿಜಕ್ಕೂ ರಾಣಿ, ಅಂದರೆ ವಿಕ್ಟೋರಿಯಾ, ಇದ್ದದ್ದು ಒಂದರಲ್ಲೇ. ಮೂರರಲ್ಲಿ ಗಡ್ಡದ ಐದನೇ ಜಾರ್ಜ್, ಇನ್ನೊಂದರಲ್ಲಿ ಗಡ್ಡ ಇಲ್ಲದ ಆರನೇ ಜಾರ್ಜ್. ಒಂದು ಸಲ ಹಬ್ಬದ ಹಿಂದಿನ ದಿನ ಮಹಾ ಉಪಕಾರ ಮಾಡುವವನ ಹಾಗೆ ನಾನು ಕೂತು ಐದನ್ನೂ ವಿಭೂತಿ ಹಾಕಿ ಗಸಗಸ ಉಜ್ಜಿದೆ. ಫಳಫಳ ಹೊಳೆದವು. ರಾಣಿಯ ಕಿರೀಟದಲ್ಲಿ, ಕೂದಲಿನಲ್ಲಿ ಅಷ್ಟಿಷ್ಟು ಉಳಿದಿದ್ದ ಗೆರೆಗಳೂ ವಿಭೂತಿ ಜೊತೆ ಹೋದವು. ಈಗ ಆ ಮುಖ ಚೀಪಿದ ಪೆಪ್ಪರ್‌ಮಿಂಟ್ ಹಾಗಿದೆ. ಹಾಗಾಗಿ ಮೊದಲ ಮಾತು, ಏನೇ ಸಿಗಲಿ ಉಜ್ಜಬೇಡಿ.

ಆ ರಾಣಿ ರೂಪಾಯಿ ಮೇಲೆ 1862 ಅಂತಿದೆ. ಅದು 1862ರಲ್ಲೇ ಅಚ್ಚಾಗಿದ್ದು ಅಂತ ನಾನು ತುಂಬಾ ದಿನ ನಂಬಿದ್ದೆ. ಇಲ್ಲವಂತೆ. ಅದೇ ಇಸವಿ ಹಾಕಿಕೊಂಡೇ 1874ರ ತನಕ ಅಚ್ಚು ಹಾಕಿದರು. ಅದಕ್ಕೂ ಮುಂಚಿನ 1840ರ ರೂಪಾಯಿ ಕತೆಯೂ ಅಷ್ಟೇ, ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಅದೇ ಇಸವಿ. ಯಾಕೆ ಅಂದರೆ ನಮ್ಮ ಕಡೆ ಚಿನಿವಾರರು, ಅಂದರೆ ನಾಣ್ಯ ಪರೀಕ್ಷೆ ಮಾಡಿ ಬದಲಿಸಿ ಕೊಡುತ್ತಿದ್ದವರು, ಇಸವಿ ಹಳೇದಾದಷ್ಟೂ ನಾಣ್ಯ ಸವೆದಿದೆ ಅಂತ ಬೆಲೆಯಲ್ಲಿ ಒಂದಿಷ್ಟು ವಟ್ಟ ಮುರಿದುಕೊಳ್ಳುತ್ತಿದ್ದರು. ಇಸವಿಯೇ ಬದಲಾಗದಿದ್ದರೆ ಯಾವುದು ಹಳೇದು, ಯಾವುದು ಹೊಸದು ಅಂತ ಹೇಗೆ ಹೇಳ್ತಾರೆ? ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪನಿ ಇದೇ ಉಪಾಯ ಮೊದಲೇ ಮಾಡಿತ್ತು, ಷಾ ಆಲಂ ಬಾದಶಹನ ಹೆಸರಿನಲ್ಲಿ ‘ಆಳ್ವಿಕೆಯ 19ನೇ ವರ್ಷ’ ಅಂತಲೇ ದಶಕಗಟ್ಟಲೆ ರೂಪಾಯಿ ಹೊಡೆಯಿತು. ಆದರೆ ಟಂಕಸಾಲೆಯವರಿಗೆ ತಮ್ಮ ಲೆಕ್ಕ ಬೇಕಲ್ವಾ? ಮುಂಬೈಯವರು 1862ರ ಕೆಳಗೆ, ಕೆಲವದರಲ್ಲಿ ಮೇಲ್ಗಡೆಯೂ ಸಣ್ಣ ಚುಕ್ಕಿ ಇಡುತ್ತಾ ಹೋದರು. ಭೂತಗನ್ನಡಿ ಹಿಡಿದು ಚುಕ್ಕಿ ಎಣಿಸುತ್ತಾ ಕೂತರೆ ಒಂದು ಭಾನುವಾರ ಮುಗಿದದ್ದೇ ಗೊತ್ತಾಗಲ್ಲ.

ಐದನೇ ಜಾರ್ಜ್‌ನದು ಕೊಳ್ಳುವುದಾದರೆ 1918ರದ್ದು ತಗೊಳ್ಳಿ. ರಾಶಿ ರಾಶಿ ಸಿಗುತ್ತವೆ, ಸಿಗುವುದಕ್ಕೆ ಕಾರಣವೂ ಇದೆ. ಮೊದಲ ಮಹಾಯುದ್ಧದಲ್ಲಿ ಬೆಳ್ಳಿಗೆ ಎಂಥ ತತ್ವಾರ ಬಂತು ಅಂದರೆ 1917ರ ನವೆಂಬರ್‌ನಲ್ಲಿ ಸರ್ಕಾರ ಮೊದಲ ಸಲ ಒಂದು ರೂಪಾಯಿ ನೋಟು ತಂದಿತು, ಜನ ನಂಬಲಿ ಅಂತ ನೋಟಿನ ಮೇಲೆ ಬೆಳ್ಳಿ ರೂಪಾಯಿಯದೇ ಚಿತ್ರ ಹಾಕಿ. ಮುಂದಿನ ವರ್ಷ ಅಮೆರಿಕ ಪಿಟ್‌ಮನ್ ಕಾಯ್ದೆ ಮಾಡಿ ತನ್ನ ಸುಮಾರು 27 ಕೋಟಿ ಬೆಳ್ಳಿ ಡಾಲರ್ ಕರಗಿಸಿತು. ಅದರಲ್ಲಿ ಹೆಚ್ಚಿನ ಬೆಳ್ಳಿ ಬ್ರಿಟಿಷರ ಮೂಲಕ ಇಲ್ಲಿಗೆ ಬಂತು. ಅಜ್ಜಿಯ 1918ರ ರೂಪಾಯಿಯಲ್ಲಿ ಯಾವನೋ ಅಮೆರಿಕದವನ ಡಾಲರ್ ಸೇರಿಕೊಂಡಿರಬಹುದು ಅಂತ ನೆನೆಸಿಕೊಂಡರೆ ನಗು ಬರುತ್ತೆ. ಹಿಂಭಾಗದಲ್ಲಿ ಕೆಳಗಿರುವ ಕಮಲದ ಬುಡದಲ್ಲಿ ಸಣ್ಣ ಚುಕ್ಕಿ ಇದ್ದರೆ ಮುಂಬೈಯದು, ಇಲ್ಲದಿದ್ದರೆ ಕಲ್ಕತ್ತೆಯದು.

ಅದರ ಪಕ್ಕದಲ್ಲೇ ಆರನೇ ಜಾರ್ಜ್‌ನ 1944ರದ್ದೊಂದು ಇಟ್ಟುಕೊಳ್ಳಿ. ಎರಡನ್ನೂ ಒಂದೊಂದಾಗಿ ಬೆರಳ ತುದಿಯಲ್ಲಿ ನಿಲ್ಲಿಸಿ ಉಗುರಿನಿಂದ ಮೆಲ್ಲಗೆ ತಟ್ಟಿ ನೋಡಿ. 1918ರದ್ದು ದೇವರ ಗಂಟೆ ಹಾಗೆ ಎಳೆದುಕೊಂಡು ಹೋಗುತ್ತೆ, 1944ರದ್ದು ಟಣ್ ಅಂತ ಅಲ್ಲೇ ಸುಮ್ಮನಾಗುತ್ತೆ. ಎರಡೂ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಆದರೆ ಹಳೇದರಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ. 1940ರಿಂದ ಅದನ್ನು ಅರ್ಧಕ್ಕಿಳಿಸಿ ಉಳಿದದ್ದಕ್ಕೆ ತಾಮ್ರ, ನಿಕ್ಕಲ್, ಸತುವು ಸೇರಿಸಿದರು. ಇನ್ನೊಂದು ಯುದ್ಧ, ಮತ್ತೆ ಬೆಳ್ಳಿ ಸಾಲಲಿಲ್ಲ.

ಮೈಸೂರು ಮಹಾರಾಜರ ಬೆಳ್ಳಿ ರೂಪಾಯಿ ಯಾಕೆ ಇಷ್ಟು ಸುಲಭವಾಗಿ ಸಿಗಲ್ಲ ಅಂತ ನನ್ನನ್ನು ಎಷ್ಟೋ ಜನ ಕೇಳುತ್ತಾರೆ. 1881ರಲ್ಲಿ ಬ್ರಿಟಿಷರು ರಾಜ್ಯವನ್ನು ಒಡೆಯರಿಗೆ ವಾಪಸ್ ಕೊಟ್ಟಾಗ ಬರೆದ ಪತ್ರದಲ್ಲೇ ಮೈಸೂರು ತನ್ನದೇ ನಾಣ್ಯವನ್ನು ಮತ್ತೆ ಶುರು ಮಾಡಬಾರದು ಅಂತ ಷರತ್ತು ಇತ್ತು. ಅದಕ್ಕೇ ನಮ್ಮ ಅಜ್ಜಿಯರ ಪೆಟ್ಟಿಗೆಯಲ್ಲಿ ಇಂಗ್ಲೆಂಡಿನ ರಾಜ ರಾಣಿಯರೇ ಲಕ್ಷ್ಮಿ ಜೊತೆ ಪೂಜೆ ಮಾಡಿಸಿಕೊಂಡಿದ್ದು.

ಇನ್ನು ಕೊಳ್ಳುವ ವಿಷಯ. ಚಿಕ್ಕಪೇಟೆ, ಅವೆನ್ಯೂ ರೋಡ್ ಕಡೆಯ ಬೆಳ್ಳಿ ಅಂಗಡಿಗಳಲ್ಲಿ ಸುಮ್ನೆ ಕೇಳಿ, ಜನ ಕರಗಿಸಲು ತಂದುಕೊಟ್ಟ ನಾಣ್ಯ ಕೆಲವರ ಹತ್ತಿರ ಇರುತ್ತೆ. ಲೆಕ್ಕ ಸುಲಭ. 1940ಕ್ಕಿಂತ ಮುಂಚಿನ ರೂಪಾಯಿಯಲ್ಲಿ ಸುಮಾರು 10.7 ಗ್ರಾಂ ಬೆಳ್ಳಿ ಇರುತ್ತೆ, ಆವತ್ತಿನ ದರಕ್ಕೆ ಗುಣಿಸಿ, ಮೇಲೆ ಸ್ವಲ್ಪ ಕೊಡಿ. ಅದಕ್ಕಿಂತ ಬಹಳ ಜಾಸ್ತಿ ಕೇಳಿದರೆ ಎದ್ದು ಬನ್ನಿ, ಇನ್ನೊಂದು ಸಿಕ್ಕೇ ಸಿಗುತ್ತೆ. ಮುಖದ ಮೇಲೆ ಚಿನಿವಾರರು ಹೊಡೆದ ಸಣ್ಣ ಗುರುತು ಇದ್ದರೆ, ಸರಕ್ಕೆ ಪೋಣಿಸಲು ಬೆಸೆದಿದ್ದ ಕೊಂಡಿಯ ಕಲೆ ಇದ್ದರೆ ಬೆಲೆ ಇಳಿಯುತ್ತೆ. ನಾನಂತೂ ಅಂಥವನ್ನೇ ಹುಡುಕಿ ತರುತ್ತೇನೆ. ಯಾರದೋ ಕೊರಳಲ್ಲಿ ಇದ್ದು ಬಂದ ನಾಣ್ಯ ಅದು, ಪೆಟ್ಟಿಗೆಯಲ್ಲೇ ಮಲಗಿದ್ದ ಹೊಚ್ಚ ಹೊಸದಕ್ಕಿಂತ ನನಗೆ ಇಷ್ಟ.

ಅಂಗಡಿಗೆ ಹೋಗುವಾಗ ಜೇಬಲ್ಲಿ ಒಂದು ಅಯಸ್ಕಾಂತ, ಒಂದು ಪುಟ್ಟ ಡಿಜಿಟಲ್ ತಕ್ಕಡಿ ಇರಲಿ. ಅಯಸ್ಕಾಂತಕ್ಕೆ ಅಂಟಿದರೆ ಬೆಳ್ಳಿ ಅಲ್ಲ. ಸವೆದ ನಾಣ್ಯ ಸ್ವಲ್ಪ ಹಗುರ ಇರಬಹುದು, ಆದರೆ 10 ಗ್ರಾಂಗೂ ಕಮ್ಮಿ ತೂಗಿದರೆ ಕೈ ಬಿಡಿ. ರಾಮ ಪಟ್ಟಾಭಿಷೇಕ, ಹನುಮಂತ ಇರುವ 1818ರ ‘ಈಸ್ಟ್ ಇಂಡಿಯಾ ಕಂಪನಿ’ ನಾಣ್ಯ, ಅಕ್ಕಿ ಕಾಳನ್ನು ತನ್ನತ್ತ ಎಳೆಯುವ ಶಕ್ತಿ ಇದೆ, ಲಕ್ಷ ಲಕ್ಷ ಬಾಳುತ್ತೆ ಅಂತ ಯಾರಾದರೂ ಪಿಸುಗುಟ್ಟಿದರೆ ಕೈಮುಗಿದು ಹೊರಡಿ. ಕಂಪನಿ ಅಂಥ ನಾಣ್ಯ ಹೊಡೆಸಲೇ ಇಲ್ಲ. ನೂರು ವರ್ಷ ದಾಟಿದ ನಾಣ್ಯವನ್ನು ದೇಶದ ಹೊರಗೆ ಸಾಗಿಸುವ ಹಾಗಿಲ್ಲ, ಹಾಗಾಗಿ ಅಮೆರಿಕದಲ್ಲಿರುವ ಭಾವನಿಗೆ ಉಡುಗೊರೆ ಕಳಿಸುವ ಯೋಚನೆ ಬೇಡ.

ಕಪ್ಪಾಗುತ್ತವೆ, ಅದು ಬೆಳ್ಳಿಯ ಗುಣ. ನಮ್ಮ ಮನೆಯಲ್ಲಿ ಈಗ ಹಬ್ಬದ ದಿನ ಆ ಐದೂ ಕಪ್ಪು ಮುಖ ಹಾಕಿಕೊಂಡೇ ತಟ್ಟೆಯಲ್ಲಿ ಕೂತಿರುತ್ತವೆ. ಅತ್ತಿಗೆ ಪ್ರತಿ ವರ್ಷ ವಿಭೂತಿ ಡಬ್ಬಿ ಹಿಡಿದುಕೊಂಡು ಬರುತ್ತಾರೆ, ನಾನು ಅಡ್ಡ ನಿಲ್ಲುತ್ತೇನೆ.