ಕಾರ್ಡು ಕೊಟ್ಟರೆ ಹಾಸಿಗೆ ಎಲ್ಲಿಂದ ಬರುತ್ತೆ?

ಪ್ರಶ್ನೆ: ನೆರೆ ಬಂದ ಊರಲ್ಲಿ ಮೊದಲು ಸರ್ಕಾರಿ ಆಸ್ಪತ್ರೆ ರಿಪೇರಿಯಾಗಬೇಕು ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ಗಬ್ಬು ನಾರುವ ಹಳೇ ಕಟ್ಟಡಗಳ ಮೇಲೆ ದುಡ್ಡು ಯಾಕೆ ಸುರಿಯಬೇಕು? ಬಡವರ ಕೈಗೆ ವಿಮೆ ಕಾರ್ಡು ಕೊಡಿ, ಬಡಾವಣೆಗೊಂದು ಕ್ಲಿನಿಕ್ ತೆರೆಯಿರಿ, ಸಾಕು. ಅಮೆರಿಕ ನೋಡಿ ಕಲಿಯಬಾರದೇ?
– ಓದುಗರೊಬ್ಬರು, ಮಾರತ್ತಹಳ್ಳಿ

ಉತ್ತರ: ಇಷ್ಟು ಖಾರದ ಪತ್ರ ಬಂದು ತುಂಬ ದಿನವಾಗಿತ್ತು. ಸುಮ್ನೆ ಹೊಗಳುವವರಿಗಿಂತ ನೀವೇ ವಾಸಿ. ಕ್ಲಿನಿಕ್ ವಿಷಯದಲ್ಲಿ ನಿಮ್ಮ ಮಾತು ಸರಿ. ಬಿಪಿ, ಸಕ್ಕರೆ ಕಾಯಿಲೆಗೆಲ್ಲ ದೊಡ್ಡಾಸ್ಪತ್ರೆಯ ಕ್ಯೂನಲ್ಲಿ ನಿಲ್ಲಬೇಕಾಗಿಲ್ಲ. ಒಪ್ಪಿದೆ.

ಆದರೆ ಅಮೆರಿಕದ ಹೆಸರು ಎತ್ತಿದಿರಲ್ಲ, ಬನ್ನಿ, ಅಲ್ಲಿಗೇ ಹೋಗೋಣ.

ನ್ಯೂ ಆರ್ಲಿಯನ್ಸ್‌ನಲ್ಲಿ ಚಾರಿಟಿ ಅಂತ ಒಂದು ಆಸ್ಪತ್ರೆ ಇತ್ತು. ದೋಣಿ ಕಟ್ಟುತ್ತಿದ್ದ ಫ್ರೆಂಚ್ ನಾವಿಕನೊಬ್ಬ ಸಾಯುವಾಗ ಬರೆದಿಟ್ಟ ಹಣದಿಂದ 1736ರಲ್ಲಿ ಶುರುವಾದದ್ದು. 1939ರಲ್ಲಿ ಅದಕ್ಕೆ 20 ಅಂತಸ್ತಿನ ಕಟ್ಟಡ ಬಂತು. ಊರಿನ ಬಡವರು, ಅದರಲ್ಲೂ ಕಪ್ಪು ಜನ, ಹುಟ್ಟುತ್ತಿದ್ದುದೂ ಅಲ್ಲೇ, ಸಾಯುತ್ತಿದ್ದುದೂ ಅಲ್ಲೇ. ಇಕ್ಕಟ್ಟು, ಗಲಾಟೆ, ಗಂಟೆಗಟ್ಟಲೆ ಕಾಯುವುದು ಎಲ್ಲ ಇತ್ತು. ನೀವು ನೋಡಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದಿರಿ.

2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಬಡಿಯಿತು. ಒಡ್ಡುಗಳು ಒಡೆದು ಊರಿನ ಶೇ. 80ರಷ್ಟು ಭಾಗ ಮುಳುಗಿತು. ಚಾರಿಟಿಯ ನೆಲಮಾಳಿಗೆಗೂ ನೀರು ನುಗ್ಗಿ ಕರೆಂಟು ಹೋಯಿತು. ವೆಂಟಿಲೇಟರ್ ನಿಂತಾಗ ಡಾಕ್ಟರುಗಳು, ನರ್ಸುಗಳು ಸರದಿಯ ಮೇಲೆ ಕೈಯಲ್ಲೇ ಗಾಳಿಚೀಲ ಒತ್ತುತ್ತಾ ರೋಗಿಗಳನ್ನು ಉಳಿಸಿಕೊಂಡರು. ರಸ್ತೆ ದಾಟಿದರೆ ಖಾಸಗಿ ಆಸ್ಪತ್ರೆ. ಅದರ ಮಾಲೀಕ ಕಂಪನಿ ದುಡ್ಡು ಕೊಟ್ಟು ಹೆಲಿಕಾಪ್ಟರ್ ತರಿಸಿತು. ಚಾರಿಟಿಯವರು ಕಾದರು.

ನೀರಿಳಿದ ಮೇಲೆ ಅಲ್ಲಿನ ಸಿಬ್ಬಂದಿಯೂ ಸೈನಿಕರೂ ಸೇರಿ ಕೆಳಗಿನ ಮಹಡಿಗಳನ್ನು ತೊಳೆದು ಬಳಿದರು. ಇನ್ನೇನು ಬಾಗಿಲು ತೆರೆಯಬಹುದು ಎಂದರು. ಮೇಲಿನವರು ಬೇಡ ಎಂದರು. ಕಟ್ಟಡ ಉಪಯೋಗಕ್ಕಿಲ್ಲ, ಹೊಸದೇ ಕಟ್ಟೋಣ ಅಂತ. ನೆರೆಗೆ ಜಗ್ಗದ ಆಸ್ಪತ್ರೆ ಹಾಗೆ ಒಂದು ತೀರ್ಮಾನಕ್ಕೆ ಮುಚ್ಚಿಹೋಯಿತು. ಆಮೇಲೆ ರೋಗಿಗಳನ್ನು ಡೇರೆಯಲ್ಲಿ ನೋಡಿದರು, ಬೀಗ ಬಿದ್ದಿದ್ದ ಬಟ್ಟೆ ಅಂಗಡಿಯೊಂದರ ಕಟ್ಟಡದಲ್ಲಿ ನೋಡಿದರು. ಹಾಳಾದ ಕಟ್ಟಡಕ್ಕೆ ಕೇಂದ್ರ ಸರ್ಕಾರ ಎಷ್ಟು ಪರಿಹಾರ ಕೊಡಬೇಕು ಎಂಬ ಜಗಳ 2010ರವರೆಗೆ ಎಳೆಯಿತು. 110 ಕೋಟಿ ಡಾಲರಿಗೂ ಜಾಸ್ತಿ ಖರ್ಚಿನ ಹೊಸ ಆಸ್ಪತ್ರೆ ತೆರೆದದ್ದು 2015ರ ಆಗಸ್ಟ್‌ನಲ್ಲಿ. ಸರಿಯಾಗಿ ಹತ್ತು ವರ್ಷ! ಅದರ ಜಾಗಕ್ಕಾಗಿ ಮನೆಗಳನ್ನು ಕೆಡವಿದರು. ನೆರೆಯಾದ ಮೇಲೆ ಸಾಲಸೋಲ ಮಾಡಿ ರಿಪೇರಿ ಮಾಡಿಸಿಕೊಂಡವರ ಮನೆಗಳೂ ಅದರಲ್ಲಿದ್ದವು.

ಇನ್ನು ನಿಮ್ಮ ಕಾರ್ಡಿನ ಕಥೆ. ಅಮೆರಿಕದಲ್ಲಿ ಹೆಚ್ಚಿನವರಿಗೆ ವಿಮೆ ಬರುವುದು ನೌಕರಿಯಿಂದ. ನೆರೆಯಲ್ಲಿ ಅಂಗಡಿ ಹೋಯಿತು, ಅಂಗಡಿಯ ಜೊತೆ ನೌಕರಿ ಹೋಯಿತು, ನೌಕರಿಯ ಜೊತೆ ವಿಮೆಯೂ ಹೋಯಿತು. ಬೇಕಾದಾಗಲೇ ಇಲ್ಲ! ನಮ್ಮ ಆಯುಷ್ಮಾನ್ ಕಾರ್ಡೂ ಮುಖ್ಯವಾಗಿ ಅಡ್ಮಿಟ್ ಆದವರಿಗೆ. ನೆರೆಯ ಮಾರನೇ ವಾರ ಬರುವುದು ಜ್ವರ, ಭೇದಿ, ಕಾಲಿನ ಹುಣ್ಣು. ಅದಕ್ಕೆ ಯಾರು ಅಡ್ಮಿಟ್ ಮಾಡಿಕೊಳ್ಳುತ್ತಾರೆ?

ಅದೇ 2005, ಕತ್ರೀನಾಕ್ಕೆ ಒಂದು ತಿಂಗಳು ಮೊದಲು, ಜುಲೈ 26. ಮುಂಬೈನ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ನನ್ನ ಚಿಕ್ಕಪ್ಪನ ಮಗ ಆಗ ಕುರ್ಲಾದ ಹೋಟೆಲೊಂದರಲ್ಲಿ ಸಪ್ಲೈಯರ್. ಎದೆಮಟ್ಟದ ನೀರಲ್ಲಿ ಇಡೀ ರಾತ್ರಿ ನಡೆದು ರೂಮು ಸೇರಿದ. ಎಂಟನೇ ದಿನಕ್ಕೆ ಜ್ವರ, ಮೀನಖಂಡದಲ್ಲಿ ತಡೆಯಲಾರದ ನೋವು. ನರ್ಸಿಂಗ್ ಹೋಮಿನವರು ಮೊದಲು ಡಿಪಾಸಿಟ್ ಕಟ್ಟಿ ಎಂದರು. ಹೋಟೆಲ್ ಮಾಲೀಕರು ಟ್ಯಾಕ್ಸಿಯಲ್ಲಿ ಮುನ್ಸಿಪಾಲಿಟಿ ಆಸ್ಪತ್ರೆಗೆ ಕರೆದೊಯ್ದರು. ಮಂಚ ಖಾಲಿಯಿಲ್ಲ, ನೆಲದ ಮೇಲೆ ಚಾಪೆ. ನಿದ್ದೆಗೆಟ್ಟ ಒಬ್ಬ ಎಳೇ ಡಾಕ್ಟರು ಬಂದವನೇ ಮೀನಖಂಡ ಒತ್ತಿ, ಕಣ್ಣು ನೋಡಿ, "ನೀರಲ್ಲಿ ನಡೆದಿದ್ಯಾ?" ಅಂತ ಕೇಳಿದನಂತೆ. ಬೇರೇನೂ ಕೇಳಲಿಲ್ಲ. ಅದು ಇಲಿಜ್ವರ. ಇಲಿಯ ಉಚ್ಚೆ ಸೇರಿದ ನೀರು ಗಾಯಕ್ಕೆ ತಗುಲಿದರೆ ಬರುವಂಥದ್ದು. ತಡವಾದರೆ ಕಿಡ್ನಿಯೇ ಹೋಗುತ್ತೆ. ಬೇಗ ಗೊತ್ತಾದರೆ ಅಗ್ಗದ ಮಾತ್ರೆಯಲ್ಲೇ ವಾಸಿ. ಆ ಎಳೇ ಡಾಕ್ಟರಿಗೆ ಅಷ್ಟು ಬೇಗ ಹೊಳೆದದ್ದು ಹೇಗೆ? ಆ ವಾರ ಅಂಥವರನ್ನೇ ಸಾಲಾಗಿ ನೋಡಿದ್ದ. ಎಲ್ಲ ಬಡವರೂ ಒಂದೇ ಬಾಗಿಲಿಗೆ ಬರುವುದರಿಂದ ಆಗುವ ಲಾಭ ಇದು. ನಿಮ್ಮ ಕಾರ್ಡು ಹಿಡಿದು ಅವರೆಲ್ಲ ಐವತ್ತು ನರ್ಸಿಂಗ್ ಹೋಮುಗಳಿಗೆ ಹಂಚಿಹೋಗಿದ್ದರೆ, ಊರಲ್ಲಿ ಏನು ಹಬ್ಬುತ್ತಿದೆ ಅಂತ ಯಾರಿಗೆ ಗೊತ್ತಾಗುತ್ತಿತ್ತು?

ನನ್ನ ಸಿಟ್ಟು ನಿಮ್ಮ ಮೇಲಲ್ಲ, ಬೇಜಾರಾಗಬೇಡಿ. ಈಗೀಗ ಎಲ್ಲಕ್ಕೂ ಕಾರ್ಡು. ಶಾಲೆ ಕೆಟ್ಟರೆ ಖಾಸಗಿ ಸೀಟು, ಬಸ್ಸು ಕೆಟ್ಟರೆ ಆಪ್, ನಲ್ಲಿ ನಿಂತರೆ ಟ್ಯಾಂಕರ್. 'ಹಳೇದಾಯಿತು' ಅನ್ನುವ ಒಂದು ಮಾತು ಸಾಕು, ಊರ ನಡುವಿನ ಸರ್ಕಾರಿ ಜಾಗದ ಮೇಲೆ ಯಾರದ್ದೋ ಕಣ್ಣು ಬೀಳುತ್ತೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ 1900ರದ್ದು. ಹಳೇದೇ ಅಲ್ವಾ? ಬೆಳಿಗ್ಗೆ ಎಂಟಕ್ಕೆ ಅದರ ಹೊರರೋಗಿ ಚೀಟಿ ಸಾಲಿನಲ್ಲಿ ಒಮ್ಮೆ ನಿಂತು ನೋಡಿ.

2022ರ ಸೆಪ್ಟೆಂಬರಿನಲ್ಲಿ ನಿಮ್ಮ ಕಡೆಯೇ ನೀರು ನಿಂತಿತ್ತು. ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋದವರ ಫೋಟೋಗಳನ್ನು ಎಲ್ಲರೂ ನೋಡಿದೆವು. ಅಲ್ಲೇ ಪಕ್ಕದ ಶೆಡ್ಡುಗಳಲ್ಲಿದ್ದ ಗಾರೆ ಕೆಲಸದವರು, ಮನೆಗೆಲಸದವರು ಆ ವಾರ ಜ್ವರ ಬಂದಾಗ ಎಲ್ಲಿಗೆ ಹೋದರು? ನಿಮ್ಮ ಮನೆಗೆ ಬರುವಾಕೆಯನ್ನು ಕೇಳಿ ಬರೆಯಿರಿ. ಉದ್ದವಾದರೂ ಪರವಾಗಿಲ್ಲ, ಕತ್ತರಿಸದೆ ಅಚ್ಚು ಹಾಕುತ್ತೇನೆ.